ಮಡದಿಯ ಹೆಸರು ಹೊತ್ತ ಅರಮನೆಗಳು

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಸಾಗುವವರಿಗೆ ಕೋಡಿಹಳ್ಳಿಯ ಸಮೀಪ ಭವ್ಯವಾದ ಕಟ್ಟಡವೊಂದು ಕಾಣಿಸುತ್ತದೆ. ಅದರ ಗುಮ್ಮಟಗಳೂ ಕಮಾನುಗಳೂ ಮೈಸೂರಿನ ಅರಮನೆಯನ್ನು ನೆನಪಿಗೆ ತರುತ್ತವೆ. ಪರ ಊರಿನಿಂದ ಬಂದ ಬಂಧುಗಳು ಅದನ್ನು ಕಂಡು, ಇದು ಯಾವ ಮಹಾರಾಜರದೆಂದು ಕೇಳಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು 2001ರಲ್ಲಿ ಆರಂಭವಾದ ಒಂದು ಪಂಚತಾರಾ ಹೋಟೆಲು. ಹೆಸರು ಲೀಲಾ ಪ್ಯಾಲೇಸ್. ಈ 'ಲೀಲಾ' ದೇವರ ಲೀಲೆಯೂ ಅಲ್ಲ, ರಾಣಿಯ ಹೆಸರೂ ಅಲ್ಲ. ಕಣ್ಣೂರಿನ ಕೈಮಗ್ಗದ ಬಟ್ಟೆ ವ್ಯಾಪಾರಿಯೊಬ್ಬರ ಮಗಳ ಹೆಸರು ಅದು. ಆಕೆಯ ಕೈ ಹಿಡಿದ ಸೈನ್ಯಾಧಿಕಾರಿಯೊಬ್ಬರು ಮುಂದೆ ತಾವು ಕಟ್ಟಿದ ಪ್ರತಿಯೊಂದು ಕಟ್ಟಡಕ್ಕೂ ಅದೇ ಹೆಸರನ್ನಿಟ್ಟರು. ಅವರೇ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್. ಈ ಸಲದ ಅಂಕಣದಲ್ಲಿ ಅವರ ಬಾಳನ್ನು ಸ್ಮರಿಸಬೇಕೆಂಬುದು ನಮ್ಮ ಬಯಕೆ.

ನಾಯರ್ ಅವರು ಜನಿಸಿದ್ದು 1922ರ ಫೆಬ್ರವರಿ 9ರಂದು, ಕಣ್ಣೂರಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಗೆ ಸೇರಿತ್ತು. ಅದೇ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ ಅದಕ್ಕೆ ಒತ್ತಿನ ನೆರೆ. ಹಾಗಾಗಿ ಮಂಗಳೂರಿನವರಿಗೆ ಕಣ್ಣೂರು ದೂರದ ಊರೇನೂ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿಯೂ ಕಣ್ಣೂರಿನಲ್ಲಿಯೂ ನೇಯ್ಗೆಯ ಕಾರ್ಖಾನೆಗಳನ್ನು ತೆರೆದಿದ್ದರು. ಅಂದಿನಿಂದ ಕಣ್ಣೂರಿಗೂ ಮಗ್ಗಕ್ಕೂ ಬಿಡಿಸಲಾಗದ ನಂಟು. ತಂದೆ ಕರ ವಸೂಲಿಯ ಅಲ್ಪ ಸಂಬಳದ ನೌಕರಿಯಲ್ಲಿದ್ದವರು. ಶಾಲೆಗೆ ಬಂದಿದ್ದ ಚಿರಕ್ಕಲ್ ಅರಸರ ಮುಂದೆ ಬಾಲಕ ಕೃಷ್ಣನ್ ಒಂದು ಪದ್ಯವನ್ನು ಹಾಡಿದನಂತೆ. ಅರಸರು ಮೆಚ್ಚಿ ಅವನ ವಿದ್ಯಾಭ್ಯಾಸಕ್ಕೆ ವೇತನವನ್ನು ಕರುಣಿಸಿದರಂತೆ. ಇದನ್ನು ನಾಯರ್ ಅವರು ವೃದ್ಧಾಪ್ಯದಲ್ಲಿಯೂ ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು. ಅರಮನೆಗಳ ಮೇಲಿನ ಅವರ ಮೋಹಕ್ಕೆ ಬೀಜ ಬಿದ್ದದ್ದು ಅಲ್ಲಿಯೇ ಇರಬಹುದೆಂದು ನಮಗೆ ತೋರುತ್ತದೆ. ಬಡ ಹುಡುಗನ ಕಣ್ಣಿಗೆ ಅರಸನೆಂದರೆ ಕೊಡುವ ಕೈಯಾಗಿ ಕಾಣುವುದು ಸಹಜವಷ್ಟೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯವನ್ನು ಸೇರಿದರು. ಇಂದು ಪಾಕಿಸ್ತಾನದಲ್ಲಿರುವ ಅಬೊಟಾಬಾದಿನಲ್ಲಿ ನಿಸ್ತಂತು ಸಂದೇಶ ವಿಭಾಗದ ಅಧಿಕಾರಿಯಾಗಿದ್ದರು. ಬಳಿಕ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಕ್ಯಾಪ್ಟನ್ ಆದರು. ಈ ದಳದ ಹೆಸರನ್ನು ನಮ್ಮ ಬೆಳಗಾವಿ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ಅದರ ಕೇಂದ್ರವಿರುವುದು ಬೆಳಗಾವಿಯಲ್ಲಿಯೇ. ಆ ಭಾಗದ ಅದೆಷ್ಟೋ ಮನೆಗಳಿಂದ ಹುಡುಗರು ಅಲ್ಲಿಗೆ ಭರತಿಯಾಗಿ ಹೋಗಿದ್ದಾರೆ. ಸೈನ್ಯದಿಂದ ಮರಳಿದವರನ್ನು ನಮ್ಮ ಹಳ್ಳಿಗಳಲ್ಲಿ ಕೊನೆಯವರೆಗೂ 'ಸುಬೇದಾರರು', 'ಹವಾಲ್ದಾರರು' ಎಂದೇ ಕರೆಯುವ ರೂಢಿಯುಂಟು. ನಾಯರ್ ಅವರ ವಿಷಯದಲ್ಲಿಯೂ ಹಾಗೆಯೇ ಆಯಿತು. ಸಮವಸ್ತ್ರವನ್ನು ಕಳಚಿ ಅರವತ್ತು ವರ್ಷಗಳು ಸಂದ ಮೇಲೂ ಅವರು ಎಲ್ಲರಿಗೂ 'ಕ್ಯಾಪ್ಟನ್'. ಅವರ ಹೋಟೆಲುಗಳ ಅಡುಗೆಯ ಮನೆಯಿಂದ ಹಿಡಿದು ಬ್ಯಾಂಕಿನ ದೊಡ್ಡ ಅಧಿಕಾರಿಗಳವರೆಗೆ ಈ ಸಂಬೋಧನೆಯೇ ನಡೆದುಬಂತು.

1950ರಲ್ಲಿ ಅವರ ವಿವಾಹವಾಯಿತು. ವಧು ಲೀಲಾ, ಕಣ್ಣೂರಿನಲ್ಲಿ ಕೈಮಗ್ಗದ ಉದ್ಯಮ ನಡೆಸುತ್ತಿದ್ದ ಎ. ಕೆ. ನಾಯರ್ ಅವರ ಮಗಳು. ಮದುವೆಯ ಮರುವರ್ಷ ಕ್ಯಾಪ್ಟನ್ನರು ಸೈನ್ಯಕ್ಕೆ ರಾಜೀನಾಮೆಯಿತ್ತು ಮಾವನವರ ವ್ಯಾಪಾರದಲ್ಲಿ ಕೈಜೋಡಿಸಿದರು. ತಿಂಗಳ ಸಂಬಳವೂ ಗೌರವವೂ ಇದ್ದ ಅಧಿಕಾರವನ್ನು ಬಿಟ್ಟು ಬಟ್ಟೆಯ ಗಂಟು ಹೊರುವುದಕ್ಕೆ ಹೋಗುವುದೆಂದರೆ, ಅದರಲ್ಲಿಯೂ ಹೆಂಡತಿಯ ತವರಿನ ಕೆಲಸಕ್ಕೆ ನಿಲ್ಲುವುದೆಂದರೆ, ನಮ್ಮ ಸಮಾಜದಲ್ಲಿ ಎಷ್ಟು ಮಾತುಗಳನ್ನು ಕೇಳಬೇಕಾಗುತ್ತದೆಂಬುದು ಓದುಗರಿಗೆ ಗೊತ್ತಿದೆ. ಕ್ಯಾಪ್ಟನ್ನರಿಗೆ ಅದು ಅವಮಾನವೆಂದು ತೋರಿದಂತಿಲ್ಲ. ತಮಗೆ ದಾರಿ ತೆರೆದದ್ದು ಆ ಮನೆಯೇ ಎಂಬುದನ್ನು ಅವರು ಮರೆಯಲೂ ಇಲ್ಲ, ಮರೆಮಾಡಲೂ ಇಲ್ಲ.

ಅವು ಕೈಮಗ್ಗಕ್ಕೆ ಸುಖದ ದಿನಗಳಾಗಿರಲಿಲ್ಲ. ಗಿರಣಿಯ ಬಟ್ಟೆ ಅಗ್ಗ, ನೂಲು ದುಬಾರಿ. ನೇಕಾರನ ಮಗ್ಗ ವಾರದಲ್ಲಿ ಎಷ್ಟು ದಿನ ಆಡುವುದೆಂಬುದೇ ಅನಿಶ್ಚಿತ. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಗಳ ಹಿರಿಯರಿಗೆ ಆ ಕಾಲದ ಕಷ್ಟವನ್ನು ನಾವು ವಿವರಿಸಬೇಕಾಗಿಲ್ಲ. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯು ಸ್ಥಾಪನೆಯಾಯಿತು. ಮರುವರ್ಷ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕವನ್ನು ವಿಧಿಸಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗಗಳ ಅಭಿವೃದ್ಧಿಗೆ ಬಳಸುವ ಕಾಯಿದೆಯೂ ಬಂತು. ಈ ಮಂಡಳಿಗಾಗಿ ಓಡಾಡಿದವರಲ್ಲಿ ಕ್ಯಾಪ್ಟನ್ ನಾಯರ್ ಅವರೂ ಒಬ್ಬರು. ಆದರೆ ಸರ್ಕಾರದ ನೆರವೊಂದರಿಂದಲೇ ಮಗ್ಗ ಉಳಿಯದು, ಕೊಳ್ಳುವವರು ಬೇಕು, ಅವರು ಹೊರದೇಶದಲ್ಲಿದ್ದರೂ ಸರಿಯೆ ಎಂಬುದು ಅವರ ನಿಲುವಾಗಿತ್ತು.

ಆ ಹುಡುಕಾಟದ ಫಲವಾಗಿಯೇ 'ಬ್ಲೀಡಿಂಗ್ ಮದ್ರಾಸ್' ಎಂಬ ಸೋಜಿಗದ ಪ್ರಕರಣ ನಡೆಯಿತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1958ರಲ್ಲಿ ವಿಲಿಯಂ ಜೇಕಬ್‌ಸನ್ ಎಂಬ ಅಮೆರಿಕದ ಬಟ್ಟೆ ಆಮದುಗಾರರು ಮದ್ರಾಸಿಗೆ ಬಂದರು. ಕ್ಯಾಪ್ಟನ್ನರು ಅವರಿಗೆ ತೋರಿಸಿದ್ದು ಕೈಮಗ್ಗದ ಚೌಕಳಿಯ ಹತ್ತಿಬಟ್ಟೆ. ನೂಲಿಗೆ ಹಾಕಿದ್ದು ಗಿಡಮೂಲಿಕೆಗಳ ಬಣ್ಣ. ಹಾಸಿನ ಬಣ್ಣವೂ ಹೊಕ್ಕಿನ ಬಣ್ಣವೂ ಬೆರೆತು ಮೂಡಿದ ಚೌಕಳಿಗಳ ಸೊಗಸು ಜೇಕಬ್‌ಸನ್ ಅವರ ಮನಸ್ಸನ್ನು ಸೆರೆಹಿಡಿಯಿತು. ಗಜಕ್ಕೆ ಒಂದು ಡಾಲರಿನಂತೆ ವ್ಯಾಪಾರ ಕುದುರಿತು. ಕುದುರುವಾಗಲೇ ಕ್ಯಾಪ್ಟನ್ನರು ಒಂದು ಎಚ್ಚರಿಕೆಯನ್ನು ಕೊಟ್ಟರು: ಈ ಬಟ್ಟೆ ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಮೃದುವಾಗಿ ಒಗೆಯಬೇಕು. ಬಟ್ಟೆಯು ಅಮೆರಿಕದ ಪ್ರಸಿದ್ಧ ಉಡುಪಿನ ಮಳಿಗೆಯಾದ ಬ್ರೂಕ್ಸ್ ಬ್ರದರ್ಸ್‌ಗೆ ಹೋಯಿತು, ಅಂಗಿಗಳಾಗಿ ಹೊಲಿಗೆಗೊಂಡಿತು, ಮಾರಾಟವಾಯಿತು. ಎಚ್ಚರಿಕೆಯ ಮಾತು ಮಾತ್ರ ನಡುದಾರಿಯಲ್ಲಿ ಕಳೆದುಹೋಗಿ, ಅಂಗಡಿಯವರನ್ನಾಗಲೀ ಕೊಂಡವರನ್ನಾಗಲೀ ತಲುಪಲಿಲ್ಲ. ಜನ ತಮ್ಮ ರೂಢಿಯಂತೆ ಯಂತ್ರಕ್ಕೆ ಹಾಕಿ ಒಗೆದರು. ಕೆಂಪು ಹಳದಿಗೆ ಹತ್ತಿತು, ನೀಲಿ ಎಲ್ಲಕ್ಕೂ ಹತ್ತಿತು. ದೂರುಗಳ ಸುರಿಮಳೆಯಾಯಿತು. ಮಾತು ವಕೀಲರವರೆಗೆ ಹೋಯಿತು.

ಹೊಸ ಸೀರೆಯನ್ನು ಮೊದಲ ಸಲ ಉಳಿದ ಬಟ್ಟೆಗಳೊಡನೆ ಸೇರಿಸದೆ, ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ನೆನೆಸಬೇಕೆಂಬುದು ನಮ್ಮ ಮನೆಗಳ ಅಜ್ಜಿಯರು ಹೇಳುತ್ತ ಬಂದಿರುವ ಮಾತು. ಅಂಥ ಅಜ್ಜಿಯೊಬ್ಬರು ಆ ಮಳಿಗೆಯಲ್ಲಿದ್ದಿದ್ದರೆ ವಕೀಲರಿಗೆ ಕೆಲಸವಿರುತ್ತಿರಲಿಲ್ಲ!

ಮುಂದೆ ನಡೆದುದು ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದ 'ಸೆವೆಂಟೀನ್' ಎಂಬ ತರುಣಿಯರ ಪತ್ರಿಕೆಯಲ್ಲಿ ಈ ಬಟ್ಟೆಯನ್ನು ಕುರಿತು ಚಿತ್ರ ಸಹಿತವಾದ ಬರೆಹ ಪ್ರಕಟವಾಯಿತು. ಬಣ್ಣ ಬಿಡುವುದು ದೋಷವಲ್ಲ, ಅದೇ ಇದರ ಗುಣ, ಭಾರತದ ಕೈಗಳು ನೇಯ್ದ ಈ ಬಟ್ಟೆ ಒಗೆದಾಗಲೊಮ್ಮೆ ಹೊಸದಾಗುತ್ತದೆ ಎಂಬ ಧಾಟಿಯಲ್ಲಿ ಪ್ರಚಾರ ನಡೆಯಿತು. ಬಣ್ಣ ಬಿಟ್ಟೇ ಬಿಡುತ್ತದೆಂಬ ಖಾತ್ರಿಯನ್ನೇ ಜಾಹೀರಾತಿನ ಘೋಷಣೆಯಾಗಿ ಮಾಡಿಕೊಂಡರು. ನಿನ್ನೆ ಹಿಂದಿರುಗಿಸಲು ಬಂದಿದ್ದ ಬಟ್ಟೆಗೆ ಬೇಡಿಕೆ ಉಕ್ಕಿತು. 1960ರ ದಶಕದಲ್ಲಿ ಅಮೆರಿಕದ ಕಾಲೇಜು ತರುಣರಿಗೆ ಮದ್ರಾಸ್ ಚೌಕಳಿಯ ಅಂಗಿ ಒಂದು ಪ್ರತಿಷ್ಠೆಯಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಜಾಹೀರಾತಿನ ಜಾಣತನವನ್ನು ಕೊಂಡಾಡುತ್ತಾರೆ. ನಮಗಾದರೋ ಅದಕ್ಕಿಂತ ಮೊದಲಿನ ಘಟ್ಟವೇ ಮುಖ್ಯವೆಂದು ತೋರುತ್ತದೆ. ದೊಡ್ಡ ಗಿರಾಕಿಯು ಹಣ ಹಿಡಿದು ಎದುರಿಗೆ ನಿಂತಿರುವಾಗ, ತನ್ನ ಸರಕಿನ ಕೊರತೆಯನ್ನು ತಾನೇ ಬಾಯಿಬಿಟ್ಟು ಹೇಳಿದ ವ್ಯಾಪಾರಿ ಅವರು. ಹಾಗೆ ಹೇಳಿದ್ದರಿಂದಲೇ ಗಲಾಟೆಯೆದ್ದಾಗ ಅವರು ತಲೆಯೆತ್ತಿ ನಿಲ್ಲುವುದು ಸಾಧ್ಯವಾಯಿತು. ಬಟ್ಟೆಯ ಸಂತೆಯಲ್ಲಿ ಎಷ್ಟು ಮಂದಿ ಹಾಗೆ ಹೇಳುತ್ತಾರೆಂಬುದನ್ನು ಓದುಗರು ತಮ್ಮ ಅನುಭವದಿಂದಲೇ ಬಲ್ಲರು.

ಬಟ್ಟೆಯ ವ್ಯಾಪಾರ ಬೆಳೆದಂತೆ ಕುಟುಂಬವು ಮುಂಬಯಿಯಲ್ಲಿ ನೆಲೆಸಿತು. ಅಲ್ಲಿ ಸಹಾರದ ಪ್ರದೇಶದಲ್ಲಿ, ಇಂದಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಮೀಪ, 'ಲೀಲಾ ಲೇಸ್' ಎಂಬ ಸಂಸ್ಥೆಯನ್ನು ಕಟ್ಟಿ ಸಿದ್ಧ ಉಡುಪುಗಳನ್ನು ರಫ್ತು ಮಾಡತೊಡಗಿದರು. ಮಡದಿಯ ಹೆಸರು ಫಲಕವನ್ನೇರಿದ್ದು ಆ ಬಟ್ಟೆಯ ಕಾಲದಲ್ಲಿಯೇ. ನಮ್ಮಲ್ಲಿ ಅಂಗಡಿಗೆ ದೇವರ ಹೆಸರನ್ನಿಡುತ್ತೇವೆ, ಗುರುಗಳ ಹೆಸರನ್ನಿಡುತ್ತೇವೆ. ತಂದೆ, ತಾಯಿ, ಮಕ್ಕಳ ಹೆಸರೂ ಉಂಟು. ಜೊತೆಯಲ್ಲಿ ಸಂಸಾರ ನಡೆಸುತ್ತಿರುವ ಹೆಂಡತಿಯ ಹೆಸರನ್ನು ಊರಿಗೆ ಕಾಣುವಂತೆ ಬರೆಸುವುದಕ್ಕೆ ಏನೋ ಸಂಕೋಚ. 'ಹೆಂಡತಿಯ ಸೆರಗು ಹಿಡಿದವನು' ಎಂದಾರೆಂಬ ಅಂಜಿಕೆಯೂ ಇರಬಹುದು. ಕ್ಯಾಪ್ಟನ್ನರಿಗೆ ಆ ಅಂಜಿಕೆ ಇರಲಿಲ್ಲ.

ವ್ಯಾಪಾರದ ಸಲುವಾಗಿ ಯುರೋಪು, ಅಮೆರಿಕಗಳನ್ನು ಸುತ್ತುವಾಗ ಅಲ್ಲಿನ ಹಳೆಯ ಹೆಸರಾಂತ ಹೋಟೆಲುಗಳಲ್ಲಿ ತಂಗುವ ಅವಕಾಶ ಅವರಿಗೆ ದೊರೆಯುತ್ತಿತ್ತು. ಅಂಥದೊಂದನ್ನು ತಮ್ಮ ದೇಶದಲ್ಲಿ ಕಟ್ಟಬೇಕೆಂಬ ಆಸೆ ಬಹುಕಾಲ ಮನಸ್ಸಿನಲ್ಲಿಯೇ ಉಳಿಯಿತು. ಅದು ಕೈಗೂಡಿದ್ದು 1980ರ ದಶಕದ ಉತ್ತರಾರ್ಧದಲ್ಲಿ, ಸಹಾರದಲ್ಲಿ ಅವರ ಮೊದಲ ಹೋಟೆಲು ಬಾಗಿಲು ತೆರೆದಾಗ. ಆಗ ಅವರ ವಯಸ್ಸು ಅರವತ್ತೈದರ ಆಸುಪಾಸು. ನಮ್ಮ ಸರ್ಕಾರಿ ನೌಕರರು ನಿವೃತ್ತರಾಗಿ, ಪಿಂಚಣಿಯ ಕಡತಗಳ ಓಡಾಟವನ್ನೂ ಮುಗಿಸಿ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ವಯಸ್ಸದು. ಇಂದು ಲೋಕವು ಅವರನ್ನು ಯಾವ ಕೆಲಸಕ್ಕಾಗಿ ಗುರುತಿಸುತ್ತದೆಯೋ ಆ ಕೆಲಸವನ್ನು ಅವರು ಆರಂಭಿಸಿದ್ದೇ ಆ ವಯಸ್ಸಿನಲ್ಲಿ.

ಮಕ್ಕಳಾದ ವಿವೇಕ್ ಮತ್ತು ದಿನೇಶ್ ಇಬ್ಬರೂ ತಂದೆಯ ಜೊತೆಗೆ ನಿಂತರು. ಸೊಸೆಯಂದಿರೂ ಉದ್ಯಮದಲ್ಲಿ ಪಾಲ್ಗೊಂಡರು. ಮನೆಯೂ ಕಚೇರಿಯೂ ಬೇರೆ ಬೇರೆಯೆಂಬ ಭಾವನೆ ಆ ಕುಟುಂಬದಲ್ಲಿ ಇದ್ದಂತೆ ಕಾಣುವುದಿಲ್ಲ. ಅವಿಭಕ್ತ ಕುಟುಂಬಗಳಲ್ಲಿ ಬೆಳೆದ ನಮ್ಮವರಿಗೆ ಇದರ ಸೊಗಸೂ ಗೊತ್ತು, ಅಪಾಯವೂ ಗೊತ್ತು. ಹೊಲದ ಮೇಲಿನ ಸಾಲ ಉಣ್ಣುವ ತಟ್ಟೆಯ ಪಕ್ಕದಲ್ಲಿಯೇ ಕುಳಿತಿರುತ್ತದೆ.

1991ರಲ್ಲಿ ಗೋವೆಯ ಮೊಬೋರ್ ಕಡಲತಡಿಯಲ್ಲಿ ಎರಡನೆಯ ಹೋಟೆಲು ಬಂತು. ಕ್ಯಾಪ್ಟನ್ನರಿಗೆ ಗಿಡಮರಗಳೆಂದರೆ ವಿಶೇಷವಾದ ಅಕ್ಕರೆ. ಕಟ್ಟಡಕ್ಕಿಂತ ಮೊದಲು ತೋಟದ ಯೋಚನೆ ಮಾಡುವವರೆಂದು ಅವರಿಗೆ ಹೆಸರಿತ್ತು. ಪರಿಸರದ ಕಾಳಜಿಗಾಗಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 1999ರಲ್ಲಿ 'ಗ್ಲೋಬಲ್ 500' ಗೌರವವನ್ನಿತ್ತರು.

ಅನಂತರದ್ದೇ ಬೆಂಗಳೂರಿನ ಅರಮನೆ. ಎಂಬತ್ತರ ಹೊಸ್ತಿಲಿನಲ್ಲಿ ನಿಂತಿದ್ದ ಮನುಷ್ಯ ಕಣ್ಣೂರಿನ ಶೈಲಿಯನ್ನಾಗಲೀ ಮುಂಬಯಿಯ ಗಾಜಿನ ಗೋಡೆಯನ್ನಾಗಲೀ ಇಲ್ಲಿಗೆ ತರದೆ, ಮೈಸೂರು ಅರಮನೆಯ ಮತ್ತು ವಿಜಯನಗರದ ವಾಸ್ತುವಿನಿಂದ ಸ್ಫೂರ್ತಿ ಪಡೆದು ಕಟ್ಟಿಸಿದರು. ಕಲಾರಸಿಕರು ಇದನ್ನು ಅನುಕರಣೆಯೆಂದು ಮೂಗು ಮುರಿಯಬಹುದು. ಊರಿಗೆ ಬಂದವನು ಊರಿನ ವೇಷ ತೊಟ್ಟದ್ದು ನಮಗಂತೂ ಹಿತವೆನಿಸಿತು. ಮಾಹಿತಿ ತಂತ್ರಜ್ಞಾನದ ಮಹಾಪೂರದಲ್ಲಿ ನಗರಕ್ಕೆ ವಿದೇಶೀ ಅತಿಥಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ ಅದು. ಕೊಠಡಿಗಳ ಬಾಡಿಗೆ ದೇಶದಲ್ಲಿಯೇ ಅತ್ಯಧಿಕವೆನ್ನುವ ಮಟ್ಟಕ್ಕೆ ಏರಿತ್ತು. 2008ರಲ್ಲಿ ವಿಮಾನ ನಿಲ್ದಾಣವು ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೂ ಲೀಲಾ ಪ್ಯಾಲೇಸಿನ ವೈಭವ ಕುಂದಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ? ಈ ಪ್ರಶ್ನೆಯನ್ನು ದಾಟಿ ಹೋಗುವುದು ನಮಗೆ ಪ್ರಾಮಾಣಿಕವೆನಿಸದು. ಅಗಲಿದವರನ್ನು ಸ್ಮರಿಸುವಾಗ ಸಾಲದ ಮಾತನ್ನೆತ್ತಬಾರದೆಂಬುದು ಒಂದು ಸೌಜನ್ಯ. ಆದರೆ ಸಂಸಾರವಂದಿಗರು ಓದುವ ಪತ್ರಿಕೆಯಲ್ಲಿ ಆ ಮಾತನ್ನು ಮುಚ್ಚಿಟ್ಟು ಪ್ರಯೋಜನವೇನು? 2009ರಲ್ಲಿ ಉದಯಪುರದ ಪಿಚೋಲಾ ಸರೋವರದ ದಡದಲ್ಲಿ, 2011ರಲ್ಲಿ ದೆಹಲಿಯ ರಾಯಭಾರ ಕಚೇರಿಗಳ ಬಡಾವಣೆಯಲ್ಲಿ, 2013ರಲ್ಲಿ ಚೆನ್ನೈಯ ಕಡಲ ದಂಡೆಯಲ್ಲಿ ಒಂದಾದ ಮೇಲೊಂದು ಅರಮನೆ ಎದ್ದವು. ದೆಹಲಿಯ ನಿವೇಶನವೊಂದಕ್ಕೇ 600 ಕೋಟಿ ರೂಪಾಯಿಗಳಿಗೂ ಮಿಗಿಲಾದ ಬೆಲೆಯನ್ನು ಕೊಡಲಾಯಿತು. ಈ ಹೋಟೆಲುಗಳ ಕೆಲಸ ಸಾಗುತ್ತಿರುವಾಗಲೇ, 2008ರಲ್ಲಿ, ಜಗತ್ತಿನ ಆರ್ಥಿಕ ಕುಸಿತ ಬಂದೆರಗಿತು. ಹೋಟೆಲಿನ ಉದ್ಯಮದಲ್ಲಿ ಹಣವೆಲ್ಲ ಮೊದಲೇ ಸುರಿಯಬೇಕು. ಆದಾಯವಾದರೋ ರಾತ್ರಿಗೊಂದು ಕೊಠಡಿಯಂತೆ ತೊಟ್ಟುತೊಟ್ಟಾಗಿ ಬರಬೇಕು. ಖಾಲಿ ಉಳಿದ ಕೊಠಡಿಯ ನಿನ್ನೆಯ ಬಾಡಿಗೆಯನ್ನು ಇಂದು ವಸೂಲು ಮಾಡಲಾಗದು. ಬಡ್ಡಿಗೆ ಮಾತ್ರ ರಜೆಯಿಲ್ಲ. 2012ರ ವೇಳೆಗೆ ಸಂಸ್ಥೆಯ ಸಾವಿರಾರು ಕೋಟಿ ರೂಪಾಯಿಗಳ ಸಾಲವನ್ನು ಮರುಹೊಂದಾಣಿಕೆಗೆ ಒಳಪಡಿಸಬೇಕಾಯಿತು.

2010ರಲ್ಲಿ ಭಾರತ ಸರ್ಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಅವರನ್ನು ಗೌರವಿಸಿತ್ತು. 2013ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ, ಅಧ್ಯಕ್ಷ ಸ್ಥಾನವನ್ನು ಹಿರಿಯ ಮಗನಿಗೆ ಒಪ್ಪಿಸಿದರು. 2014ರ ಮೇ 17ರಂದು ಮುಂಬಯಿಯಲ್ಲಿ ನಿಧನ ಹೊಂದಿದರು. ವಯಸ್ಸು ತೊಂಬತ್ತೆರಡು.

ಮಕ್ಕಳ ಪಾಲಿಗೆ ಉಳಿದದ್ದು ಹೆಸರೂ ಹೌದು, ಹೊರೆಯೂ ಹೌದು. 2015ರಲ್ಲಿ ಗೋವೆಯ ಹೋಟೆಲು ಪರರ ಪಾಲಾಯಿತು. 2019ರಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ಉದಯಪುರಗಳ ನಾಲ್ಕು ಹೋಟೆಲುಗಳನ್ನು ಕೆನಡಾ ಮೂಲದ ಬ್ರೂಕ್‌ಫೀಲ್ಡ್ ಎಂಬ ಹೂಡಿಕೆಯ ಸಂಸ್ಥೆಯು 3,950 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡಿತು. ಕಟ್ಟಡಗಳ ಜೊತೆಗೆ 'ಲೀಲಾ' ಎಂಬ ವ್ಯಾಪಾರದ ಹೆಸರೂ ಹೋಯಿತು.

ತಂದೆಯಾದವನು ಸಾಲವನ್ನು ಬಿಟ್ಟುಹೋಗಬಾರದು ಎನ್ನುವವರ ಮಾತಿನಲ್ಲಿ ಸತ್ಯವಿದೆ. ನಾವೂ ಅದನ್ನು ಒಪ್ಪುತ್ತೇವೆ. ಎಂಬತ್ತರ ಅನಂತರ ಕಟ್ಟಿಸಿದ ಅರಮನೆಗಳು ಮಡದಿಗೆ ಸಲ್ಲಿಸಿದ ಕಾಣಿಕೆಯೆಂದು ಹೇಳುವುದು ಚೆಂದ. ಆದರೆ ಆ ಕಾಣಿಕೆಯ ಬೆಲೆಯನ್ನು ತೆತ್ತವರು ಮಕ್ಕಳು. ಅಳತೆಯನ್ನು ಮೀರಿದ ಅಕ್ಕರೆಯೂ ಮನೆಗೆ ಭಾರವಾಗುವುದುಂಟು. ಹಾಗೆಂದು ಅವರ ಬಾಳನ್ನು ಸಾಲದ ಲೆಕ್ಕದಿಂದಲೇ ಅಳೆದುಬಿಡುವುದೂ ನ್ಯಾಯವಲ್ಲ. ಅವರು ಕಟ್ಟಿದ್ದು ಗಟ್ಟಿಯಾದ್ದರಿಂದಲೇ ಕೊಳ್ಳುವವರು ಅಷ್ಟು ಬೆಲೆ ಕೊಟ್ಟರು. ಕೊಂಡವರೂ ಆ ಹೆಸರನ್ನು ಬದಲಿಸಲಿಲ್ಲ. ಕಣ್ಣೂರಿನ ಹೆಣ್ಣುಮಗಳ ಹೆಸರನ್ನೇ ಹಿಡಿದುಕೊಂಡು ಆ ಸಂಸ್ಥೆಯು 2025ರ ಜೂನ್ ತಿಂಗಳಿನಲ್ಲಿ ಷೇರು ಪೇಟೆಯನ್ನು ಪ್ರವೇಶಿಸಿತು. ಹಿಡುವಳಿಯ ಕಂಪನಿಗೆ ಅವರು ಆರಿಸಿಕೊಂಡಿದ್ದ ಹೆಸರು 'ಶ್ಲೋಸ್ ಬೆಂಗಳೂರು'. 'ಶ್ಲೋಸ್' ಎಂದರೆ ಜರ್ಮನ್ ಭಾಷೆಯಲ್ಲಿ ಕೋಟೆ ಅಥವಾ ಅರಮನೆಯೆಂದು ಅರ್ಥ. ಬೆಂಗಳೂರಿನ ಅರಮನೆ ಎಂಬುದು ಹೀಗೆ ವಿದೇಶೀ ವೇಷದಲ್ಲಿ ಕಾಗದಪತ್ರಗಳಲ್ಲಿ ಸೇರಿಕೊಂಡಿತು.

2019ರ ಮಾರಾಟದಲ್ಲಿ ಸಹಾರದ ಮೊದಲ ಹೋಟೆಲು ಮಾತ್ರ ಸೇರಲಿಲ್ಲ. ಅದು ನಾಯರ್ ಕುಟುಂಬದ ಸಂಸ್ಥೆಯಲ್ಲಿಯೇ ಉಳಿಯಿತು. ಹೆಸರು ಕೈಬಿಟ್ಟುಹೋದ್ದರಿಂದ 'ಹೋಟೆಲ್ ಲೀಲಾವೆಂಚರ್' ಎಂದಿದ್ದ ಆ ಸಂಸ್ಥೆಯು ತನ್ನ ಹೆಸರನ್ನು ಬದಲಿಸಿಕೊಳ್ಳಬೇಕಾಯಿತು. ಈಗ ಅದು 'ಎಚ್‌ಎಲ್‌ವಿ ಲಿಮಿಟೆಡ್'. ಆ ಮೂರು ಅಕ್ಷರಗಳಲ್ಲಿ ನಡುವಿನದು ಲೀಲಾ ಅವರದು.